ಕೆಲಸಕ್ಕೆ ತಕ್ಕ ಕೈ

ಬೆಂಗಳೂರು ನಗರವು ಬೆಳೆದಂತೆಲ್ಲ ಅದರ ಹೊರವಲಯದ ಮೂರು ದಿಕ್ಕುಗಳಲ್ಲಿ ಮೂರು ದುಡಿಮೆಯ ನೆಲೆಗಳು ತಲೆಯೆತ್ತಿದವು. ವಾಯವ್ಯಕ್ಕೆ ಪೀಣ್ಯ, ಅಲ್ಲಿ ಲೇತು, ಪ್ರೆಸ್ಸು, ಅಚ್ಚುಗಳ ಸದ್ದು ಅಡಗುವುದೇ ಇಲ್ಲ. ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಅದನ್ನು ರೂಪಿಸಿತು. ಪೂರ್ವಕ್ಕೆ ವೈಟ್‌ಫೀಲ್ಡ್, 19ನೆಯ ಶತಮಾನದ ಕೊನೆಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯಕ್ಕೆಂದು ನೆಲೆಸಿದ ಆ ಊರಿನಲ್ಲಿ ಇಂದು ತಂತ್ರಾಂಶದ ಕಚೇರಿಗಳು ಆಕಾಶಕ್ಕೆ ಕತ್ತೆತ್ತಿ ನಿಂತಿವೆ. ಕೆಲಸದ ಬಗೆ ಬೇರೆಬೇರೆಯಾದರೂ ಈ ಮೂರು ಕಡೆಗಳಲ್ಲಿಯೂ ಬೆಳಗಾದರೆ ಮೇಲ್ವಿಚಾರಕನ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇಂದಿನ ಯಾವ ಕೆಲಸಕ್ಕೆ ಯಾರನ್ನು ಕಳುಹಿಸಬೇಕು?

ಹಳ್ಳಿಯಲ್ಲಿ ಈ ಪ್ರಶ್ನೆ ಅಷ್ಟು ಕಠಿಣವಾಗಿರಲಿಲ್ಲ. ನಾಟಿಯ ಕಾಲದಲ್ಲಿ ಮುಯ್ಯಾಳುಗಳನ್ನು ಹಂಚುವ ಹಿರಿಯನಿಗೆ ಯಾರ ಕೈ ಎಂಥದೆಂಬುದು ತಿಳಿದಿತ್ತು. ಗದ್ದೆಗಳೂ ಕೂಗಳತೆಯಲ್ಲಿಯೇ ಇದ್ದವು. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯಾದರೋ ನಗರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋದಂತೆ. ಕೈಯಲ್ಲಿ ಕೌಶಲವಿದ್ದರೂ ದಾರಿಯಲ್ಲಿಯೇ ಅರ್ಧ ದಿನ ಕರಗಿಹೋಗಬಹುದು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಯಂತ್ರಗಳನ್ನು ದುರಸ್ತಿ ಮಾಡುವ ಸಂಸ್ಥೆಯೊಂದರಲ್ಲಿ ಮೂವರು ಕೆಲಸಗಾರರಿದ್ದಾರೆ. ಹಿರಿಯ ಫಿಟ್ಟರ್ ಮತ್ತು ಐ.ಟಿ.ಐ. ಮುಗಿಸಿ ಹೊಸದಾಗಿ ಸೇರಿದ ಕಿರಿಯ, ಇವರಿಬ್ಬರೂ ಪೀಣ್ಯದ ಬಳಿ ವಾಸಿಸುವವರು. ಮೂರನೆಯವನ ಮನೆ ವೈಟ್‌ಫೀಲ್ಡಿನ ಕಡೆಗೆ. ಆ ದಿನದ ಕೆಲಸಗಳು ಮೂರು: ಪೀಣ್ಯದಲ್ಲಿ ಒಂದು ಲೇತು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ವಿದ್ಯುತ್ ಪ್ಯಾನೆಲ್, ವೈಟ್‌ಫೀಲ್ಡಿನಲ್ಲಿ ಒಂದು ಪ್ರೆಸ್ಸು. ಪ್ರಯಾಣವನ್ನೂ ಕೆಲಸವನ್ನೂ ಕೂಡಿಸಿ ಇದೇ ಕ್ರಮದಲ್ಲಿ ಬರೆದರೆ ಹಿರಿಯನಿಗೆ 3, 4, 7 ಗಂಟೆಗಳು ಬೇಕು. ಕಿರಿಯನಿಗೆ 4, 8, 9. ಮೂರನೆಯವನಿಗೆ 6, 7, 5.

ಅವಸರದ ಮೇಲ್ವಿಚಾರಕನು ಪಟ್ಟಿಯಲ್ಲಿ ಅತಿ ಚಿಕ್ಕ ಸಂಖ್ಯೆಯನ್ನು ಹುಡುಕುತ್ತಾನೆ. ಅದು 3. ಹಿರಿಯನಿಗೆ ಮನೆಯ ಬಳಿಯ ಲೇತು ದೊರೆಯಿತು. ಮೂರನೆಯವನು ವೈಟ್‌ಫೀಲ್ಡಿಗೆ ಹೊರಟನು. ಉಳಿದ ಪ್ಯಾನೆಲ್ ಕೆಲಸ ಅದನ್ನು ಚೆನ್ನಾಗಿ ಅರಿಯದ ಕಿರಿಯನ ತಲೆಗೆ ಬಿತ್ತು. ಒಟ್ಟು 16 ಗಂಟೆಗಳು. ಅದಕ್ಕೆ ಬದಲಾಗಿ ಹಿರಿಯನನ್ನು ಎಲೆಕ್ಟ್ರಾನಿಕ್ ಸಿಟಿಗೂ ಕಿರಿಯನನ್ನು ಲೇತಿಗೂ ಕಳುಹಿಸಿದ್ದರೆ 13 ಗಂಟೆಗಳೇ ಸಾಕಾಗುತ್ತಿದ್ದವು. ಮೊದಲು ಕಣ್ಣಿಗೆ ಬಿದ್ದ ಒಂದು ಗಂಟೆಯ ಲಾಭವು ಕೊನೆಗೆ ಮೂರು ಗಂಟೆಗಳ ನಷ್ಟವನ್ನು ತಂದಿತು.

ಮೂವರನ್ನು ಮೂರು ಕೆಲಸಗಳಿಗೆ ಹೊಂದಿಸುವ ವಿಧಾನಗಳು ಆರೇ ಆದ್ದರಿಂದ ಎಲ್ಲವನ್ನೂ ಪರೀಕ್ಷಿಸಬಹುದು. ಹತ್ತು ಮಂದಿಗೆ ಹತ್ತು ಕೆಲಸಗಳಾದರೆ ಅವು 36,28,800 ಆಗುತ್ತವೆ! ಈ ತೊಡಕಿಗೆ ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1955ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಹಂಗೆರಿ ದೇಶದ ಕೋನಿಗ್ ಮತ್ತು ಎಗರ್ವಾರಿ ಎಂಬ ಗಣಿತಜ್ಞರ ವಿಚಾರಗಳನ್ನು ಆಧರಿಸಿದ್ದರಿಂದ ಅದಕ್ಕೆ 'ಹಂಗೇರಿಯನ್ ವಿಧಾನ'ವೆಂದೇ ಅವರು ಹೆಸರಿಟ್ಟರು. ಪ್ರತಿ ಅಡ್ಡಸಾಲಿನ ಎಲ್ಲ ಸಂಖ್ಯೆಗಳಿಂದ ಆ ಸಾಲಿನ ಕನಿಷ್ಠ ಸಂಖ್ಯೆಯನ್ನು ಕಳೆಯಬೇಕು. ಬಳಿಕ ಪ್ರತಿ ಕಂಬಸಾಲಿನಲ್ಲಿಯೂ ಹಾಗೆಯೇ ಮಾಡಬೇಕು. ಮೇಲಿನ ಪಟ್ಟಿಯು ಆಗ 0, 0, 4. 0, 3, 5. 1, 1, 0 ಎಂದಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸೊನ್ನೆ ಬರುವಂತೆ ಆರಿಸಿದರೆ 13 ಗಂಟೆಗಳ ಅದೇ ಏರ್ಪಾಡು ದೊರೆಯುತ್ತದೆ. ಎಲ್ಲ ಪಟ್ಟಿಗಳೂ ಇಷ್ಟು ಬೇಗ ಬಗ್ಗುವುದಿಲ್ಲ. ಕೆಲವಕ್ಕೆ ಇನ್ನೂ ಕೆಲವು ಹೆಜ್ಜೆಗಳು ಬೇಕಾಗುತ್ತವೆ. ಇಂದು ಆ ಶ್ರಮವನ್ನು ಗಣಕಯಂತ್ರವು ವಹಿಸಿಕೊಂಡಿದೆ.

ಆದರೆ ಪಟ್ಟಿಯ ಸಂಖ್ಯೆಗಳು ಕಲ್ಲಿನಲ್ಲಿ ಕೆತ್ತಿದವಲ್ಲ. ಮೆಟ್ರೊ ರೈಲು 2014ರಲ್ಲಿ ಪೀಣ್ಯವನ್ನೂ 2023ರಲ್ಲಿ ವೈಟ್‌ಫೀಲ್ಡನ್ನೂ 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಮುಟ್ಟಿತು. ಯಾರ ಕೌಶಲವೂ ಹೆಚ್ಚದೆ, ದಾರಿಯೊಂದೇ ಸುಗಮವಾಗಿ, ಎಷ್ಟೋ ಪಟ್ಟಿಗಳು ಬದಲಾಗಿರಬೇಕು. 2020ರಲ್ಲಿ ಕೋವಿಡ್ ವ್ಯಾಧಿ ಹರಡಿದಾಗ ತಂತ್ರಾಂಶದ ಕೆಲಸಗಾರರು ಮನೆಯಿಂದಲೇ ದುಡಿದರು. ಅವರ ಪಾಲಿಗೆ ದೂರವೆಂಬುದೇ ಲೆಕ್ಕದಿಂದ ಅಳಿಸಿಹೋಯಿತು. ಲೇತಿನ ಮುಂದೆ ನಿಲ್ಲಬೇಕಾದವನಿಗೆ ಆ ಸೌಲಭ್ಯವೆಲ್ಲಿ? ಕಬ್ಬಿಣವು ತಂತಿಯ ಮೂಲಕ ಹರಿದುಬಾರದು.

ಪಟ್ಟಿಗೆ ಕಾಣದ ಇನ್ನೊಂದು ಸಂಗತಿಯಿದೆ; ಅದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಪ್ಯಾನೆಲ್ ಕೆಲಸಕ್ಕೆ ಹಿರಿಯನಿಗೆ 4 ಗಂಟೆ, ಕಿರಿಯನಿಗೆ 8. ಹೀಗಿರುವಾಗ ಲೆಕ್ಕವು ಇಂದು ಹಿರಿಯನನ್ನೇ ಕಳುಹಿಸುತ್ತದೆ. ನಾಳೆಯೂ, ಮರುದಿನವೂ ಅವನನ್ನೇ. ಮಾಡದೆ ಕಿರಿಯನು ಕಲಿಯಲಾರ. ಕಲಿಯದೆ ಅವನ 8 ಎಂದೂ ಇಳಿಯಲಾರದು. ಹಿರಿಯನು ನಿವೃತ್ತನಾದ ದಿನ ಆ ಕೆಲಸಕ್ಕೆ ಕೈಯೇ ಇಲ್ಲದಂತಾಗುತ್ತದೆ. ಪ್ರತಿ ದಿನದ ಲೆಕ್ಕವೂ ಸರಿಯಾಗಿದ್ದು ವರ್ಷದ ಲೆಕ್ಕ ತಪ್ಪುವುದು ಹೀಗೆ. ಕೆಲಸಕ್ಕೆ ಜೊತೆಗಾರನನ್ನು ಕಳುಹಿಸುವುದನ್ನು ದಂಡದ ಖರ್ಚೆಂದು ಬಗೆಯುವ ಮೇಲ್ವಿಚಾರಕರಿಗೆ ಈ ಮಾತು ಬೇಗ ರುಚಿಸುವುದಿಲ್ಲ.

ಉದಾಹರಣೆಯ ಸಂಸ್ಥೆಯಲ್ಲಿ, ಆತುರವಿಲ್ಲದ ಒಂದು ದಿನ ಮೇಲ್ವಿಚಾರಕನು ಪೀಣ್ಯದ ಲೇತನ್ನು ಮರುದಿನಕ್ಕೆ ಮುಂದೂಡಿ ಕಿರಿಯನನ್ನು ಹಿರಿಯನ ಜೊತೆಗೆ ಎಲೆಕ್ಟ್ರಾನಿಕ್ ಸಿಟಿಗೆ ಕಳುಹಿಸಿದನೆನ್ನೋಣ. ಮೊದಲ ಸಲ ಅವನು ತಂತಿಗಳ ಗುರುತುಗಳನ್ನು ಬರೆದುಕೊಂಡನು. ಎರಡನೆಯ ಸಲ ಹಿರಿಯನು ಕೈಕಟ್ಟಿ ನಿಂತು, ಅವನಿಂದಲೇ ಕೆಲಸ ಮಾಡಿಸಿದನು. ಕೆಲವು ತಿಂಗಳುಗಳ ಬಳಿಕ ಬರೆದ ಪಟ್ಟಿಯಲ್ಲಿ, ಕಿರಿಯನ ಹೆಸರಿನ ಮುಂದೆ 8 ಇದ್ದ ಜಾಗದಲ್ಲಿ 5 ಇತ್ತು.