ಕುರ್ಚಿ ಆಕೆಯದು, ಡೋಂಗಲ್ ಯಾರ ಜೇಬಿನಲ್ಲಿ?

ಪ್ರಶ್ನೆ: ಫಿಲಿಪ್ಪೀನ್ಸ್ ದೇಶದಾಗ ಇಬ್ಬರು ಹೆಣ್ಣುಮಕ್ಕಳು ಅಧ್ಯಕ್ಷರಾಗಿ ದೇಶ ಆಳ್ಯಾರಂತ ಓದಿದೆ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಪಂಚಾಯ್ತಿಯೊಳಗ ಅರ್ಧ ಮಂದಿ ಹೆಣ್ಣುಮಕ್ಕಳೇ ಇರ್ತಾರ. ಆದ್ರ ಮೀಟಿಂಗಿಗೆ ಬರೋರು ಅವರ ಗಂಡಂದಿರು. ಹಂಗಾದ್ರ ಮೀಸಲಾತಿ ಕೊಟ್ಟು ಏನು ಬಂತ್ರೀ?
— ಒಬ್ಬ ಓದುಗರು, ಮಸ್ಕಿ

ಉತ್ತರ: ನಿಮ್ಮ ದೂರು ಸುಳ್ಳಲ್ಲ. ಆದರೆ ಫಿಲಿಪ್ಪೀನ್ಸ್ ಕಂಡು ಹೊಟ್ಟೆಕಿಚ್ಚುಪಡುವ ಮುಂಚೆ ಅಲ್ಲಿನ ಕಥೆ ಪೂರ್ತಿ ಕೇಳಿ. 1986ರಲ್ಲಿ ಅಧ್ಯಕ್ಷೆಯಾದ ಕೊರಾಜೋನ್ ಅಕಿನೊ, ಮೂರು ವರ್ಷ ಹಿಂದೆ ಮನಿಲಾ ವಿಮಾನ ನಿಲ್ದಾಣದಲ್ಲೇ ಗುಂಡಿಗೆ ಬಲಿಯಾದ ವಿರೋಧ ಪಕ್ಷದ ನಾಯಕನ ಪತ್ನಿ. 2001ರಿಂದ 2010ರವರೆಗೆ ಆಳಿದ ಗ್ಲೋರಿಯಾ ಮಕಪಗಾಲ್ ಅರೋಯೊ ಮಾಜಿ ಅಧ್ಯಕ್ಷರೊಬ್ಬರ ಮಗಳು. ಮಾರ್ಕೋಸ್‌ನಂಥ ಸರ್ವಾಧಿಕಾರಿಯನ್ನು ಎದುರಿಸಿ ನಿಂತ ಅಕಿನೊ ಸಾಮಾನ್ಯ ಹೆಂಗಸಲ್ಲ, ನಿಜ. ಆದರೂ ಮನೆತನದ ಹೆಸರು ಹಿಡಿದು ಮೇಲೇರುವ ದಾರಿ ನಮಗೇನು ಹೊಸದೇ?

ಆ ದೇಶದಲ್ಲಿ ನನಗೆ ಹಿಡಿಸಿದ್ದು ಇನ್ನೂ ಹಳೆಯದೊಂದು ಘಟನೆ. 1935ರ ಅಲ್ಲಿನ ಸಂವಿಧಾನ ಹೆಂಗಸರಿಗೆ ಮತದ ಹಕ್ಕು ಕೊಡಲು ಒಂದು ಷರತ್ತು ಹಾಕಿತ್ತು: ಕನಿಷ್ಠ ಮೂರು ಲಕ್ಷ ಹೆಂಗಸರು ಬಂದು, ನಮಗೆ ಈ ಹಕ್ಕು ಬೇಕು ಎಂದು ಮತ ಹಾಕಿ ತೋರಿಸಬೇಕು. ಗಂಡಸರಿಗೆ ಇಂಥ ಪರೀಕ್ಷೆ ಯಾರೂ ಇಟ್ಟಿರಲಿಲ್ಲ. ಮಹಿಳಾ ಸಂಘಗಳು ಊರೂರು ತಿರುಗಿದವು. 1937ರ ಏಪ್ರಿಲ್ 30ರಂದು 4,47,725 ಹೆಂಗಸರು ಹೌದೆಂದರು. ಅಂದು ಅವರಲ್ಲಿ ಒಬ್ಬರ ಕೈಯಲ್ಲೂ ಅಧಿಕಾರವಿರಲಿಲ್ಲ.

ಇನ್ನು ನಮ್ಮ ಕಡೆಯ ಮಾತು. ಕಾನೂನಿನ ಮಟ್ಟಿಗೆ ನಾವೇ ಮುಂದು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯ್ತಿ ಮಂತ್ರಿ ಆಗಿದ್ದಾಗ, 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟಿತು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೇರಿಸಿತು. ಫಿಲಿಪ್ಪೀನ್ಸ್‌ನ ಹಳ್ಳಿ ಸಭೆಗಳಲ್ಲಿ ಇಂಥ ಅರ್ಧದ ಮೀಸಲು ಇಲ್ಲ. 

ಹಾಗಿದ್ದರೆ ಗಂಡ ಯಾಕೆ ಬಂದು ಕೂರುತ್ತಾನೆ? ಆ ಸೀಟು ಹೆಂಗಸರಿಗೆ ಬಂತು, ತಾನು ನಿಲ್ಲುವ ಹಾಗಿಲ್ಲ. ಹೆಂಡತಿಯ ಹೆಸರಲ್ಲಿ ತಾನೇ ನಿಂತಂತೆ, ತಾನೇ ಖರ್ಚು ಮಾಡಿ ಗೆದ್ದಂತೆ ಅವನ ಲೆಕ್ಕ. ಹಾಕಿದ ದುಡ್ಡು ವಾಪಸು ಬರಬೇಕಲ್ಲ! ಪಂಚಾಯ್ತಿ ಹಣ ಬಿಡುಗಡೆಗೆ ಅಧ್ಯಕ್ಷರ ಮತ್ತು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿ ಎರಡೂ ಬೇಕು. ಈಗ ಆ ಸಹಿ ಕಂಪ್ಯೂಟರಿಗೆ ಸಿಕ್ಕಿಸುವ ಡೋಂಗಲ್ಲಿಗೆ ಬಂದು ಕೂತಿದೆ. ಅಧ್ಯಕ್ಷೆಯ ಡೋಂಗಲ್ ಯಾರ ಜೇಬಿನಲ್ಲಿದೆ ಎಂದು ನೋಡಿದರೆ ಆ ಊರಿನ ಸಮಾನತೆಯ ಲೆಕ್ಕ ಅರ್ಧ ತಿಳಿದಂತೆ. ಮೇಲಾಗಿ ಅಧ್ಯಕ್ಷಗಿರಿಯ ಅವಧಿ ಮೂವತ್ತು ತಿಂಗಳು. ಆಕೆ ಕಡತ ಓದುವುದು ಕಲಿಯುವಷ್ಟರಲ್ಲಿ ಮೀಸಲು ಬೇರೆಯವರ ಪಾಲಾಗಿರುತ್ತದೆ. 2011ರ ಜನಗಣತಿಯಲ್ಲಿ ನಿಮ್ಮ ರಾಯಚೂರು ಜಿಲ್ಲೆಯ ಗಂಡಸರ ಸಾಕ್ಷರತೆ ಶೇ 70 ದಾಟಿತ್ತು, ಹೆಂಗಸರದು ಶೇ 49ನ್ನೂ ಮುಟ್ಟಿರಲಿಲ್ಲ. ಓದು ಬಾರದವರ ಕೈಗೆ ಡೋಂಗಲ್ ಕೊಟ್ಟು ಕಲಿಸದೆ ಬಿಟ್ಟದ್ದು ಯಾರ ತಪ್ಪು?

ಆದರೆ ಮುಂದಾಳತ್ವ ಹುಡುಕಲು ಪಂಚಾಯ್ತಿ ಕಟ್ಟೆಗೇ ಹೋಗಬೇಕೆಂದಿಲ್ಲ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳ ಸಿಗುತ್ತದೆ. ಅಲ್ಲಿನ ಜಾಗೃತ ಮಹಿಳಾ ಸಂಘಟನೆ, ಕೂಲಿಗೆ ಹೋಗುವ ದಲಿತ ಹೆಂಗಸರು ಕಟ್ಟಿದ ಸಂಘ. ಬೇವಿನ ಗೊಬ್ಬರ ಮಾಡಿದರು, ಸುಟ್ಟ ಮಣ್ಣಿನ ಸರ, ಓಲೆ ಮಾಡಿ ಮಾರಿದರು, ಮಕ್ಕಳಿಗೆ ಚಿಲಿಪಿಲಿ ಎಂಬ ಶಾಲೆ ನಡೆಸಿದರು. ಗದ್ದೆಯಲ್ಲಿ ನಾಟಿ ಹಚ್ಚಿ, ಹೊಲದಲ್ಲಿ ಕಸ ತೆಗೆದು, ಹತ್ತಿ ಬಿಡಿಸಿ ಗಂಡಾಳಿಗಿಂತ ಕಡಿಮೆ ಕೂಲಿ ಎಣಿಸಿಕೊಂಡು ಬಂದವರಿಗೆ, 2005ರ ಉದ್ಯೋಗ ಖಾತ್ರಿ ಕಾಯ್ದೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದಾಗ ಅದು ಸಣ್ಣ ಸಂಗತಿಯಾಗಿರಲಿಲ್ಲ. ಆದರೆ ಕೆಲಸ ಕೇಳದೆ ಸಿಗುತ್ತಿರಲಿಲ್ಲ. ಗುಂಪಾಗಿ ಪಂಚಾಯ್ತಿಗೆ ಹೋಗಿ, ಕೆಲಸ ಕೇಳುವ ನಮೂನೆ 6 ತುಂಬಿ, ರಸೀದಿ ಕೊಡುವವರೆಗೆ ಎದ್ದು ಹೋಗೆವು ಎಂದು ಕೂರುತ್ತಿದ್ದ ಹೆಂಗಸರಿಗೆ ಭಾಷಣ ಯಾರೂ ಕಲಿಸಬೇಕಿರಲಿಲ್ಲ.

ಮದ್ಯ ನಿಷೇಧ ಆಂದೋಲನ ಬೆಳೆದದ್ದೂ ಇದೇ ಜಿಲ್ಲೆಯಲ್ಲಿ. 2007ರ ಜುಲೈನಲ್ಲಿ ಸಾರಾಯಿ ನಿಂತಿತು ಎಂದು ಹಿಗ್ಗಿದವರಿಗೆ, ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಬ್ರಾಂದಿ, ವಿಸ್ಕಿ ಸಿಗತೊಡಗಿದ್ದು ಕಂಡಿತು. ಕೂಲಿ ಹಣ ಮನೆ ಮುಟ್ಟದಾಯಿತು. ರಾಯಚೂರಿನಲ್ಲಿ ಹೆಂಗಸರು ತಿಂಗಳುಗಟ್ಟಲೆ ಧರಣಿ ಕೂತರು. ಆಮೇಲೆ 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು, ಇನ್ನೂರು ಕಿಲೋಮೀಟರ್ ನಡೆದು, 30ರಂದು ಸಾವಿರಾರು ಹೆಂಗಸರು ಬೆಂಗಳೂರು ಸೇರಿದರು. ದಾರಿಯಲ್ಲಿ ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು ತೀರಿಕೊಂಡರು. ಮದ್ಯ ಪೂರ್ತಿ ನಿಲ್ಲಲಿಲ್ಲ. ಆದರೆ ಅವರ ಬೇಡಿಕೆಗಳಲ್ಲಿ ಒಂದನ್ನು ಗಮನಿಸಿ: ಊರಿಗೆ ಮದ್ಯದಂಗಡಿ ಬೇಕೋ ಬೇಡವೋ, ಗ್ರಾಮ ಸಭೆ ಹೇಳಲಿ. 1937ರ ಫಿಲಿಪ್ಪೀನ್ಸ್ ಹೆಂಗಸರು ತಮ್ಮ ಮಾತನ್ನು ತಾವೇ ಹೇಳಿದ್ದರಲ್ಲ, ಅದಕ್ಕೆ ಇದು ತೀರ ಹತ್ತಿರ. ಪಕ್ಕದ ಮಹಾರಾಷ್ಟ್ರದಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಮಹಿಳಾ ಮತದಾರರು ಬೇಡವೆಂದು ಮತ ಹಾಕಿದರೆ ಅಂಗಡಿ ಮುಚ್ಚುವ ನಿಯಮವೇ ಇದೆ.

ಹಾಗಾದರೆ ಮೀಸಲಾತಿಯಿಂದ ಏನೂ ಬರಲಿಲ್ಲವೇ? ಬಂದಿದೆ, ನಿಧಾನಕ್ಕೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯ್ತಿಗಳನ್ನು ನೋಡಿ 2004ರಲ್ಲಿ ಪ್ರಕಟವಾದ ಅಧ್ಯಯನ, ಹೆಣ್ಣು ಮುಖ್ಯಸ್ಥೆ ಇದ್ದಲ್ಲಿ ಕುಡಿಯುವ ನೀರಿನ ಕೆಲಸ ಹೆಚ್ಚು ನಡೆದದ್ದನ್ನು ತೋರಿಸಿತು. ಬಂಗಾಳದ್ದೇ 2012ರ ಇನ್ನೊಂದು ಅಧ್ಯಯನ ಹೇಳುವುದು ಇನ್ನೂ ಸ್ವಾರಸ್ಯ: ಎರಡು ಸಲ ಆ ಕುರ್ಚಿ ಹೆಂಗಸರಿಗೆ ಹೋದ ಊರುಗಳಲ್ಲಿ, ಮಗ ಎಷ್ಟು ಓದಬೇಕು, ಮಗಳು ಎಷ್ಟು ಓದಬೇಕು ಎಂಬ ಹೆತ್ತವರ ಲೆಕ್ಕದ ಅಂತರವೇ ಕುಗ್ಗಿತ್ತು. ಗಂಡ ಎಷ್ಟೇ ಮಾತಾಡಲಿ, ಬೋರ್ಡಿನ ಮೇಲಿನ ಹೆಸರನ್ನು ಊರಿನ ಹುಡುಗಿ ಓದುತ್ತಾಳೆ. ಕೂಲಿ ಸಂಘದಲ್ಲಿ ಜಗಳವಾಡಿ ಪಳಗಿದವಳೇ ಗೆದ್ದು ಬಂದರಂತೂ ಗಂಡ ಹೊರಗೆ ಬೈಕಿನ ಮೇಲೆ ಕಾಯಬೇಕಾಗುತ್ತದೆ.

ಫಿಲಿಪ್ಪೀನ್ಸ್‌ನಿಂದ ಕಲಿಯಲೇಬೇಕೆಂದಿದ್ದರೆ ಅದು ಹಣದ ವಿಷಯ. ಅಲ್ಲಿ ಸರ್ಕಾರಿ ಇಲಾಖೆಯಿಂದ ಹಿಡಿದು ಬರಾಂಗಾಯ್ ಎಂಬ ಹಳ್ಳಿ ಸಂಸ್ಥೆಯವರೆಗೆ ಪ್ರತಿಯೊಂದೂ ತನ್ನ ಬಜೆಟ್‌ನಲ್ಲಿ ಕನಿಷ್ಠ ಶೇ 5ನ್ನು ಲಿಂಗ ಸಮಾನತೆಯ ಕೆಲಸಕ್ಕೆ ಎತ್ತಿಡಬೇಕು. 2009ರ ಮಹಿಳಾ ಹಕ್ಕುಗಳ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಖರ್ಚು ಮಾಡದೆ ಲೆಕ್ಕ ತೋರಿಸುವ ಜಾಣರು ಅಲ್ಲಿಯೂ ಇದ್ದಾರೆ. ಆದರೂ ಕೇಳಲು ಒಂದು ಅಂಕಿಯಾದರೂ ಇದೆ. ಮುಂದಿನ ಗ್ರಾಮ ಸಭೆಗೆ ಹೋದಾಗ ನಿಮ್ಮ ಪಿಡಿಒ ಅವರನ್ನು ಎರಡು ಮಾತು ಕೇಳಿ: ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಹೆಂಗಸರು ಕೇಳಿದ ಕೆಲಸ ಯಾವುವು, ಅವಕ್ಕೆ ಇಟ್ಟ ಹಣ ಎಷ್ಟು? ಉತ್ತರವನ್ನು ಅಧ್ಯಕ್ಷೆಯೇ ಕೊಟ್ಟರೆ ನಮಗೂ ಒಂದು ಕಾಗದ ಬರೆಯಿರಿ.