ಯಕೃದ್ದಾನವೂ ಕಿರುಗಾಯದ ಶಸ್ತ್ರಚಿಕಿತ್ಸೆಯೂ

ಪಠ್ಯಪುಸ್ತಕಗಳಲ್ಲಿ ಯಕೃತ್ತು ಅಥವಾ ಪಿತ್ತಜನಕಾಂಗವೆಂದೂ, ಹಳ್ಳಿಗಳಲ್ಲಿ ಈಲಿಯೆಂದೂ, ನಮ್ಮ ತೆಲುಗು ಬಾಂಧವರಲ್ಲಿ ಕಾಲೇಯವೆಂದೂ ಕರೆಯಲ್ಪಡುವ ಅಂಗವು ಉದರದ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿದೆ. ಪಿತ್ತರಸವನ್ನು ಸ್ರವಿಸುವುದು, ಸಕ್ಕರೆಯನ್ನು ಕೂಡಿಡುವುದು, ವಿಷವಸ್ತುಗಳನ್ನು ನಿರ್ವಿಷಗೊಳಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ತಯಾರಿಸುವುದು ಇದರ ಕಾರ್ಯಗಳು. ಮೂತ್ರಪಿಂಡಗಳು ಕೆಟ್ಟವರು ರಕ್ತವನ್ನು ಶೋಧಿಸುವ ಯಂತ್ರದ ನೆರವಿನಿಂದ ವರ್ಷಗಟ್ಟಲೆ ಬದುಕಬಲ್ಲರು. ಯಕೃತ್ತಿಗೆ ಅಂತಹ ಯಂತ್ರವಿಲ್ಲ. ಅದು ಪೂರ್ಣವಾಗಿ ಕೆಟ್ಟು ಔಷಧಕ್ಕೆ ಬಗ್ಗದಿದ್ದರೆ ಬೇರೊಬ್ಬರ ಯಕೃತ್ತನ್ನು ಜೋಡಿಸುವುದೊಂದೇ ಮಾರ್ಗ.

ಅಮೆರಿಕದ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಅವರು 1963ರಲ್ಲಿ ಈ ಪ್ರಯತ್ನವನ್ನು ಮೊದಲು ಮಾಡಿದರು. ಜಯ ಲಭಿಸಿದ್ದು 1967ರಲ್ಲಿ. ಆಗ ಮೃತರ ಯಕೃತ್ತನ್ನೇ ಬಳಸುತ್ತಿದ್ದರು. ಬದುಕಿರುವವರಿಂದ ಒಂದು ಭಾಗವನ್ನು ಪಡೆದು ಜೋಡಿಸುವ ಕಾರ್ಯವು 1989ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಡಾ. ರಸೆಲ್ ಸ್ಟ್ರಾಂಗ್ ಅವರಿಂದ ಫಲಿಸಿತು. ಅಲ್ಲಿ ದಾನಿ ತಾಯಿ, ಪಡೆದವನು ಮಗ. ನಮ್ಮ ದೇಶದಲ್ಲಿ 1998ರಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ಕಾಂಚೀಪುರದ 20 ತಿಂಗಳ ಕೂಸೊಂದು ತಂದೆಯ ಯಕೃತ್ತಿನ ತುಣುಕಿನಿಂದ ಬದುಕಿತು. ಆ ಕೂಸು ಬೆಳೆದು ತಾನೇ ವೈದ್ಯನಾಯಿತೆಂಬುದು ಸಂತೋಷದ ಸಂಗತಿ.

ಇಲ್ಲಿ ಸ್ವಲ್ಪ ಗಣಿತವಿದೆ. ವಿದ್ಯಾರ್ಥಿಗಳು ಲೇಖನಿ ಹಿಡಿಯಲಿ. ವಯಸ್ಕನ ಯಕೃತ್ತು ದೇಹದ ತೂಕದ ಶೇಕಡಾ 2ರಷ್ಟು. 60 ಕಿಲೋ ತೂಗುವ ದಾನಿಯಲ್ಲಿ ಸುಮಾರು 1200 ಗ್ರಾಂ. ರೋಗಿಗೆ ಅವನ ತೂಕದ ಶೇಕಡಾ 0.8ರಷ್ಟಾದರೂ ಬೇಕೆಂಬುದು ಸಾಮಾನ್ಯ ನಿಯಮ. ರೋಗಿಯೂ 60 ಕಿಲೋ ಇದ್ದರೆ 480 ಗ್ರಾಂ. ದಾನಿಯಲ್ಲಿ ಶೇಕಡಾ 30ಕ್ಕೆ ಕಡಮೆಯಿಲ್ಲದಂತೆ ಉಳಿಯಬೇಕು. ಬಲಹಾಲೆಯು ಒಟ್ಟಿನ ಶೇಕಡಾ 60ಕ್ಕೂ ಮೀರಿರುವುದರಿಂದ ವಯಸ್ಕ ರೋಗಿಗೆ ಹೆಚ್ಚಾಗಿ ಅದನ್ನೇ ತೆಗೆಯುತ್ತಾರೆ. ಮಕ್ಕಳಿಗೆ ಎಡಬದಿಯ ಚಿಕ್ಕ ಭಾಗವೇ ಸಾಕು. ಕತ್ತರಿಸಿದ ಹಾಲೆಯು ಗಿಡದ ಕೊಂಬೆಯಂತೆ ಮತ್ತೆ ಚಿಗುರುತ್ತದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಉಳಿದ ಭಾಗವೇ ಕೆಲವು ತಿಂಗಳಲ್ಲಿ ಹಿಗ್ಗಿ ಮೊದಲಿನ ಗಾತ್ರವನ್ನು ಸಮೀಪಿಸುತ್ತದೆ.

ಹಳೆಯ ವಿಧಾನದಲ್ಲಿ ದಾನಿಯ ಬಲಪಕ್ಕೆಯ ಕೆಳಗೆ ಉದ್ದವಾದ ಗಾಯವನ್ನು ಮಾಡಬೇಕು. ಹೊಟ್ಟೆಯ ಸ್ನಾಯುಗಳು ಕತ್ತರಿಸಲ್ಪಟ್ಟು, ನೋವು ಬಹುದಿನ ಕಾಡುತ್ತದೆ. ಮಡಕಶಿರಾ ಕಡೆಯ ಕಡಲೆಕಾಯಿ ಹೊಲದಲ್ಲಿ ದುಡಿಯುವವನಿಗಾಗಲಿ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವಳಿಗಾಗಲಿ ಇದು ಸಣ್ಣ ಮಾತಲ್ಲ. ಮನೆಯಲ್ಲಿ ಒಬ್ಬರು ರೋಗಿ, ದುಡಿಯುವ ಇನ್ನೊಬ್ಬರೂ ಹಾಸಿಗೆಯಲ್ಲಿ. ಪ್ಯಾರಿಸ್ ಬಳಿಯ ಡಾ. ಶೆರ್ಕಿ ಮತ್ತು ಸಂಗಡಿಗರು ದೂರದರ್ಶಕ ನಳಿಕೆಯ ಮೂಲಕ ದಾನಿಯ ಎಡಭಾಗವನ್ನು ತೆಗೆದ ವಿಧಾನವನ್ನು 2002ರಲ್ಲಿ ಪ್ರಕಟಿಸಿದರು. ಅನಂತರ ಬಲಹಾಲೆಗೂ ಇದು ವಿಸ್ತರಿಸಿತು. ಈಗ ವೈದ್ಯನು ನಡೆಸುವ ರೋಬಾಟ್ ತೋಳುಗಳನ್ನೂ ಬಳಸುತ್ತಾರೆ. ಕೊಚ್ಚಿಯ ಅಮೃತಾ ಆಸ್ಪತ್ರೆಯ ವೈದ್ಯರು ಇದರಲ್ಲಿ ಹೆಸರಾಗಿದ್ದಾರೆ.

ಇದರ ಕ್ರಮ ಹೀಗಿದೆ. ಹೊಟ್ಟೆಯಲ್ಲಿ ಬೆರಳು ತೂರದಷ್ಟು ಕಿರಿದಾದ ನಾಲ್ಕೈದು ರಂಧ್ರಗಳನ್ನು ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ, ಕೆಲಸಕ್ಕೆ ಎಡೆ ಮಾಡಿಕೊಳ್ಳುತ್ತಾರೆ. ಒಂದು ರಂಧ್ರದಲ್ಲಿ ಕ್ಯಾಮರಾ, ಉಳಿದವುಗಳಲ್ಲಿ ಉಪಕರಣಗಳು. ಇಂಡೊಸಯನೀನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಸೇರಿಸಿದರೆ, ವಿಶೇಷ ಬೆಳಕಿನಲ್ಲಿ ಪಿತ್ತನಾಳವು ಪರದೆಯ ಮೇಲೆ ಹಸುರಾಗಿ ಹೊಳೆಯುತ್ತದೆ. ನಾಳದ ಕವಲುಗಳು ಎಲ್ಲರಲ್ಲೂ ಒಂದೇ ತೆರನಾಗಿಲ್ಲದಿರುವುದರಿಂದ ಇದು ಬಲು ಉಪಕಾರಿ. ಬೇರ್ಪಟ್ಟ ಹಾಲೆಯನ್ನು ಚೀಲದಲ್ಲಿಟ್ಟು, ಕಿಬ್ಬೊಟ್ಟೆಯಲ್ಲಿ ಅಡ್ಡಲಾಗಿ ಮಾಡಿದ ಗಾಯದ ಮೂಲಕ ಹೊರತೆಗೆಯುತ್ತಾರೆ.

ಗಾಯ ಕಿರಿದಾಯಿತೆಂದು ಅಪಾಯವೂ ಅದೇ ಪ್ರಮಾಣದಲ್ಲಿ ಕಿರಿದಾಯಿತೆಂದು ಪೋಷಕರು ಭಾವಿಸಬಾರದೆಂಬುದು ನಮ್ಮ ಅಭಿಪ್ರಾಯ. ಒಳಗೆ ತೆಗೆಯುವ ಯಕೃತ್ತಿನ ಅಳತೆ ಎರಡು ವಿಧಾನಗಳಲ್ಲಿಯೂ ಒಂದೇ. ಪಿತ್ತರಸ ಸೋರುವುದು, ರಕ್ತಸ್ರಾವವಾಗುವುದು ಇಲ್ಲಿಯೂ ಉಂಟು. ರಕ್ತಸ್ರಾವ ಹತೋಟಿ ಮೀರಿದರೆ ಹೊಟ್ಟೆಯನ್ನು ತೆರೆಯಲೇಬೇಕಾಗುತ್ತದೆ. ಬಲಹಾಲೆಯನ್ನು ಕೊಡುವವರಲ್ಲಿ ಪ್ರಾಣಾಪಾಯವು 200ರಿಂದ 500 ಮಂದಿಗೆ ಒಬ್ಬರಷ್ಟೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ದಾನಿಯು ರೋಗಿಯಲ್ಲ, ಆರೋಗ್ಯವಂತ. ಆದುದರಿಂದ ರಂಧ್ರಗಳ ಗಾತ್ರಕ್ಕಿಂತ ಮೊದಲು, ಆ ವೈದ್ಯತಂಡವು ಇಂತಹ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದೆಯೆಂಬುದನ್ನು ಕೇಳಿ ತಿಳಿಯಬೇಕು. ಹೀಗೆ ಕೇಳುವುದು ಅವಿನಯವಲ್ಲ.

1994ರ ಕಾಯಿದೆಯ ಪ್ರಕಾರ ಅಂಗವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಪತಿಪತ್ನಿಯರು, ತಂದೆತಾಯಿಗಳು, ಮಕ್ಕಳು, ಒಡಹುಟ್ಟಿದವರು ಹತ್ತಿರದ ಬಂಧುಗಳೆನಿಸುತ್ತಾರೆ. 2011ರ ತಿದ್ದುಪಡಿಯಿಂದ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಉಳಿದವರು ಕೊಡಬೇಕಾದರೆ ಅಧಿಕೃತ ಸಮಿತಿಯ ಅನುಮತಿ ಬೇಕು. ಬಂಧುತ್ವವನ್ನು ದಾಖಲೆಗಳಿಂದ ಸ್ಥಾಪಿಸಬೇಕಾಗುತ್ತದೆ. ಅನಂತಪುರ ಜಿಲ್ಲೆಯ ರಾಯದುರ್ಗದವರಾಗಲಿ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದವರಾಗಲಿ ಚಿಕಿತ್ಸೆಗೆ ಬೆಂಗಳೂರಿಗೆ ಹೋಗುವುದಾದರೆ ಒಂದು ಸಂಗತಿಯನ್ನು ಗಮನಿಸಬೇಕು: ಪಡಿತರ ಚೀಟಿಯಲ್ಲಿ ತೆಲುಗಿನಲ್ಲಿಯೂ ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿಯೂ ಬರೆದಿರುವ ಹೆಸರುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಊರಿನಲ್ಲಿರುವಾಗಲೇ ನೋಡಿಕೊಳ್ಳುವುದು ಲೇಸು.