ಪೇಟಿ, ಕೀಬೋರ್ಡ್ ಕಲಿಯುವವರು ಮಾಡಬೇಕಾದ್ದು, ಮಾಡಬಾರದ್ದು

ಪಿಯಾನೊ ಕಲಿಯಬೇಕೆಂಬ ಮಕ್ಕಳ ಹಟ ಈಗ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೂ ಬಂದಿದೆ. ಮೊಬೈಲಿನ ಕೃಪೆ! ಪಿಯಾನೊ ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ. ಊರಿನ ಮಠದಲ್ಲೋ ಗುಡಿಯಲ್ಲೋ ಒಂದು ಪೇಟಿ (ಹಾರ್ಮೋನಿಯಂ) ಇದ್ದೇ ಇರುತ್ತದೆ, ಅದರಿಂದ ಶುರು ಮಾಡಿ. ಪಿಯಾನೊಗೆ 88 ಮನೆ (ಕೀ), ಪೇಟಿಗೆ ಅದರ ಅರ್ಧವೂ ಇಲ್ಲ ನಿಜ. ಆದರೆ ಎರಡು ಕರಿ, ಮೂರು ಕರಿ ಎಂಬ ಜೋಡಣೆ ಎರಡರಲ್ಲೂ ಒಂದೇ. ಪೇಟಿಯ ಮೇಲೆ ಸರಿಯಾಗಿ ಪಳಗಿದ ಬಲಗೈ ನಾಳೆ ಪಿಯಾನೊ ಎದುರು ಹೆದರುವುದಿಲ್ಲ.

ಮಾಡಬೇಕಾದ್ದು

ಮೊದಲು ಹಾಡಿ, ಆಮೇಲೆ ನುಡಿಸಿ. ಬಾಯಲ್ಲಿ ಬಾರದ ಅಲಂಕಾರ ಬೆರಳಲ್ಲಿ ಬಂದರೆ ಅದು ಬರೀ ಬೆರಳಿನ ಕಸರತ್ತು.

ನಿಮ್ಮ ಸಾ ಯಾವ ಮನೆ ಎಂದು ಗೊತ್ತು ಮಾಡಿಕೊಳ್ಳಿ. ಎರಡು ಕರಿಯ ಗುಂಪಿನ ಮೊದಲ ಕರಿ ‘ಕರಿ 1’, ಅದರ ಎಡಕ್ಕಿರುವ ಬಿಳಿ ‘ಬಿಳಿ 1’; ಎಣಿಕೆ ಅಲ್ಲಿಂದ. ಗಂಡಸರ ಕಂಠಕ್ಕೆ ಸಾಮಾನ್ಯವಾಗಿ ಕರಿ 1 ಅಥವಾ ಕರಿ 2 ಹೊಂದುತ್ತದೆ. ಹೆಣ್ಣುಮಕ್ಕಳಿಗೆ ಬಿಳಿ 5ರಿಂದ ಕರಿ 5ರೊಳಗೆ ಎಲ್ಲಾದರೂ ಸಿಗುತ್ತದೆ. ಗಂಡಸರ ಪಟ್ಟಿಯಲ್ಲೇ, ಅಂದರೆ ಅವರ ಸಾ ಹಿಡಿದೇ, ಹುಡುಗಿಯರನ್ನು ಹಾಡಿಸಿ, ‘ಇವಳಿಗೆ ದನಿಯೇ ಇಲ್ಲ’ ಎಂದು ಕೂಡಿಸುವುದು ಕಲಿಸುವವರ ತಪ್ಪು, ಹುಡುಗಿಯದಲ್ಲ.

ಬೆರಳ ಕ್ರಮವನ್ನು ಮೊದಲ ದಿನವೇ ಹಿಡಿಯಿರಿ. ಹೆಬ್ಬೆರಳು 1, ಕಿರುಬೆರಳು 5 ಎಂದು ಲೆಕ್ಕ. ಬಿಳಿ 1ನ್ನು ಸಾ ಮಾಡಿ ಶುದ್ಧ ಸ್ವರಗಳ ಬಿಲಾವಲ್ ಏರುವಾಗ ಬಲಗೈ ಕ್ರಮ 1 2 3, 1 2 3 4 5. ಗಾಂಧಾರವಾದ ಮೇಲೆ ಹೆಬ್ಬೆರಳು ಮಧ್ಯದ ಬೆರಳಿನ ಅಡಿಯಿಂದ ನುಸುಳಿ ಮಧ್ಯಮ ಹಿಡಿಯಬೇಕು. ಕರಿ 1ರಲ್ಲಿ ಸಾ ಇದ್ದರೆ ಹೆಬ್ಬೆರಳಿಂದ ಶುರು ಮಾಡಬೇಡಿ. ಅಲ್ಲಿ ಸಾ ರಿ ಮ ಪ ಧ ಐದೂ ಕರಿ, ಗ ಮತ್ತು ನಿ ಮಾತ್ರ ಬಿಳಿ. ತೋರುಬೆರಳಿಂದ ಹೊರಟು 2 3, 1 2 3 4, 1 2 ಎಂದು ಸಾಗಿ. ಹೆಬ್ಬೆರಳು ಗ ಮತ್ತು ನಿ ಮೇಲಷ್ಟೇ ಬೀಳುತ್ತದೆ. ಎರಡೇ ಬೆರಳಲ್ಲಿ ಇಡೀ ಭಜನೆ ದಾಟಿಸುವ ಅಭ್ಯಾಸ ನಮ್ಮ ಕಡೆ ಬಹಳ. ನಿಧಾನದ ಪದಕ್ಕೆ ನಡೆಯುತ್ತದೆ, ದ್ರುತಕ್ಕೆ ಬಂದಾಗ ಕೈ ಸೋಲುತ್ತದೆ.

ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಎರಡು ಕರಿಯ ಗುಂಪು, ಮೂರು ಕರಿಯ ಗುಂಪು ಬೆರಳಿಗೆ ತಾನೇ ತಿಳಿಯುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡರು. ಕಲಿಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ನೋಡದೆ ನುಡಿಸಲಾಗದು ಎಂಬ ನೆಪ ಈ ನಾಡಿನಲ್ಲಿ ನಡೆಯುವುದಿಲ್ಲ.

ದಿನಾ ಅರ್ಧ ಗಂಟೆ ಕೂಡಿ. ಭಾನುವಾರ ಒಮ್ಮೆಲೇ ಮೂರು ತಾಸು ಕೂತರೆ ಬೆನ್ನು ನೋಯುತ್ತದೆ, ಪಾಠ ಕೈಯಲ್ಲಿ ನಿಲ್ಲುವುದಿಲ್ಲ. ತಪ್ಪಿದ ಕಡೆ ನಿಲ್ಲಿಸಿ. ಆ ನಾಲ್ಕು ಸ್ವರವನ್ನೇ ನಿಧಾನವಾಗಿ ತಿರುಗಿಸಿ ಮುರುಗಿಸಿ ನುಡಿಸಿ, ಆಮೇಲೆ ಮುಂದೆ ಹೋಗಿ. ಪ್ರತಿಸಲ ಮೊದಲಿಂದ ಶುರು ಮಾಡುವವರಿಗೆ ಪದದ ಮೊದಲ ಸಾಲು ಮಾತ್ರ ಚೆನ್ನಾಗಿ ಬರುತ್ತದೆ.

ಪೇಟಿಯಿಂದ ಕೀಬೋರ್ಡಿಗೆ ಹೋಗುವವರು ಎಡಗೈಯನ್ನು ಬೇರೆಯಾಗಿ ಪಳಗಿಸಿ. ಇಷ್ಟು ದಿನ ಅದು ಗಾಳಿ ಹಾಕಿದ್ದಷ್ಟೇ. ಬಿಳಿ 1ರಿಂದ ಏರುವಾಗ ಎಡಗೈ ಕ್ರಮ 5 4 3 2 1, 3 2 1. ಒಂದೊಂದು ಕೈ ಹಿಡಿತಕ್ಕೆ ಬಂದ ಮೇಲೆ ಎರಡನ್ನೂ ಕೂಡಿಸಿ.

ಮಾಡಬಾರದ್ದು

ಪೇಟಿಯ ಮನೆಗಳನ್ನು ಕುಟ್ಟಬೇಡಿ. ಪಿಯಾನೊದಲ್ಲಿ ಬೆರಳ ಪೆಟ್ಟು ಸುತ್ತಿಗೆಯಾಗಿ ತಂತಿಗೆ ಬಡಿಯುತ್ತದೆ, ಜೋರಾಗಿ ಒತ್ತಿದಷ್ಟೂ ದನಿ ಜೋರು. ಪೇಟಿಯಲ್ಲಿ ದನಿಯನ್ನು ಏರಿಸಿ ಇಳಿಸುವುದು ತಿದಿಯ ಗಾಳಿ. ಬೆರಳು ಬಾಗಿಲು ತೆರೆಯುತ್ತದೆ, ಅಷ್ಟೇ. ತಾಳಕ್ಕೆ ತಕ್ಕಂತೆ ತಿದಿಯನ್ನು ಜಗ್ಗಲೂ ಬೇಡಿ. ಗಾಳಿ ಒಂದೇ ಸಮ ಇರಲಿ.

ಹಾಡುವವರ ಮೇಲೆ ಏರಬೇಡಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವಾಗ ಜನ ಕೇಳಲು ಕೂತಿರುವುದು ಮಾತನ್ನು. ಏಕತಾರಿಗೆ ಇರುವ ವಿನಯ ಪೇಟಿಗೂ ಇರಲಿ. ಇನ್ನೊಂದು ಕಾರಣವೂ ಇದೆ: ಪೇಟಿಯ ಸ್ವರಗಳು ಕಟ್ಟಿಟ್ಟವು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಆಂದೋಲನ ಅದರಲ್ಲಿ ಬರುವುದಿಲ್ಲ. ಇದೇ ಆಕ್ಷೇಪದಿಂದ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಆ ನಿಷೇಧ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಬೆಳಗಾವಿಯ ರಾಮ ಕಲ್ಲೋ ಬಿಜಾಪುರೆಯವರ ಹಾರ್ಮೋನಿಯಂ ಸಾಥ್ ಕೇಳಿದವರು ಅದನ್ನು ಒಪ್ಪುತ್ತಾರೆ. ಆದರೂ ದರ್ಬಾರಿ ರಾಗದ ಗಾಂಧಾರವನ್ನು ಪೇಟಿಯಿಂದ ಕಲಿಯಬೇಡಿ, ತಂಬೂರಿಯ ಜೊತೆ ಗುರುವಿನ ಬಾಯಿಂದ ಕಲಿಯಿರಿ.

ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನು ಮೊದಲ ವರ್ಷ ಮುಟ್ಟಬೇಡಿ. ಸಾ ತಾನೇ ಬದಲಿಸಿ ಕೊಡುವ ಅದನ್ನು ನಂಬಿದವರಿಗೆ ಒಂದೇ ಪಟ್ಟಿ ಗೊತ್ತಿರುತ್ತದೆ. ತಾನೇ ಬಾರಿಸುವ ತಾಳ, ತಾನೇ ಸೇರುವ ಸ್ವರಮೇಳ ಅಭ್ಯಾಸದ ಹೊತ್ತಿನಲ್ಲಿ ಬಂದ್. ಮನೆಗಳ ಮೇಲೆ ಸ ರಿ ಗ ಚೀಟಿ ಅಂಟಿಸಬೇಡಿ; ಸಾ ಬದಲಾದ ದಿನ ಆ ಚೀಟಿ ಎಲ್ಲಾ ಸುಳ್ಳು.

ಪಿಯಾನೊವೇ ಗುರಿಯಾದರೆ, ಬೆರಳ ಪೆಟ್ಟಿಗೆ ತಕ್ಕಂತೆ ದನಿ ಏರಿಳಿಯದ ಆಟಿಕೆ ಕೀಬೋರ್ಡಿಗೆ ದುಡ್ಡು ಹಾಕಬೇಡಿ. ಮನೆಗಳು 61ಕ್ಕಿಂತ ಕಡಿಮೆ ಇರಬಾರದು. ಕರೆಂಟ್ ಹೋಗಿ ಬರುವಾಗ ಪ್ಲಗ್ ಕಿತ್ತಿಡಿ.

ಸುರ (ಒಳಗಿನ ರೀಡ್) ಕೆಟ್ಟರೆ ಬ್ಲೇಡ್ ಹಿಡಿದು ಪೇಟಿ ಬಿಚ್ಚಬೇಡಿ. ಹಿತ್ತಾಳೆಯ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದು ಗೀರು ಹೆಚ್ಚಾದರೂ ಸ್ವರ ಹಾಳು. ರಿಪೇರಿ ಗೊತ್ತಿದ್ದವರಲ್ಲಿಗೇ ಒಯ್ಯಿರಿ.

ಬೇಸಿಗೆಯಲ್ಲಿ ತಗಡಿನ ಕೆಳಗೆ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಪೇಟಿ ಬಿಡಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಕಟ್ಟಿಗೆ ಸೀಳಿ ಗಾಳಿ ಸೋರುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಧೂಳಿಗೆ ಒಡ್ಡಬೇಡಿ, ಬಟ್ಟೆ ಮುಚ್ಚಿಡಿ. ನುಡಿಸಿ ಮುಗಿದ ಮೇಲೆ ಒಳಗಿನ ಗಾಳಿ ಬಿಟ್ಟು ತಿದಿಯ ಕೊಂಡಿ ಹಾಕಿ. ಇನ್ನು ದಸರೆಯ ಪೂಜೆ: ಕುಂಕುಮ, ಭಂಡಾರ ಏನಿದ್ದರೂ ಮುಚ್ಚಳಕ್ಕೆ ಹಚ್ಚಿ. ಮನೆಗಳ ಸಂದಿಗೆ ಬಿದ್ದ ಕುಂಕುಮ ನೇರ ಸುರಕ್ಕೆ ಹೋಗಿ ಕೂಡುತ್ತದೆ, ಶ್ರಾವಣ ಬಂದಾಗ ಪೇಟಿ ಬಾಯಿ ಬಿಡುವುದಿಲ್ಲ.

ಭಜನಾ ಮಂಡಳಿಯವರಿಗೆ

ಮಂಡಳಿಯ ಪೇಟಿ ಅಮಾವಾಸ್ಯೆಯ ರಾತ್ರಿ ಹೊರಬಂದು, ಉಳಿದ ದಿನವೆಲ್ಲ ಬೀಗದೊಳಗೆ ಇರುತ್ತದೆ. ದಯವಿಟ್ಟು ವಾರಕ್ಕೆ ನಾಲ್ಕು ಸಂಜೆಯಾದರೂ, ಹಿರಿಯರೊಬ್ಬರ ಎದುರು, ಊರ ಮಕ್ಕಳಿಗೆ ಅದನ್ನು ಕೊಡಿ. ಹುಡುಗಿಯರಿಗೂ ಕೊಡಿ.